ಒಬ್ಬರು ಇಲ್ಲವಾದ ಮೇಲೆ ಬರುವ ಆಲ್ಬಮ್

ಬ್ಯಾಂಡಿನ ಒಬ್ಬರು ತೀರಿಕೊಂಡ ಮೇಲೆ ಹೊಸ ಆಲ್ಬಮ್ ಬರುತ್ತದೆ ಎಂದರೆ ಅಭಿಮಾನಿಗಳು ಕೇಳುವುದು ಒಂದೇ: ಆ ಜಾಗಕ್ಕೆ ಯಾರು? ಸ್ಟುಡಿಯೊದಲ್ಲಿ ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದೆ. ಅವರು ಮಾಡುತ್ತಿದ್ದ ಕೆಲಸಗಳು ಯಾವುವು?

ಬ್ರಿಟನ್ನಿನ ಬ್ಯಾಂಡ್ ಡೆಪೆಷ್ ಮೋಡ್ ನೋಡಿ. 2022ರ ಮೇ ತಿಂಗಳಲ್ಲಿ ತೀರಿಕೊಂಡ ಆಂಡಿ ಫ್ಲೆಚರ್ ಆ ತಂಡದ ಗಾಯಕರಲ್ಲ, ಹಾಡು ಬರೆಯುವವರೂ ಅಲ್ಲ. ಗಾಯಕ ಡೇವ್ ಗಹಾನ್ ಮತ್ತು ಹೆಚ್ಚಿನ ಹಾಡು ಬರೆಯುವ ಮಾರ್ಟಿನ್ ಗೋರ್ ನಡುವೆ ಪಂಚಾಯ್ತಿ ಮಾಡುತ್ತಿದ್ದವರು. ಹಾಗಾಗಿ 2023ರ 'ಮೆಮೆಂಟೊ ಮೋರಿ'ಯಲ್ಲಿ ಯಾವ ವಾದ್ಯವೂ ಖಾಲಿ ಅನ್ನಿಸುವುದಿಲ್ಲ. ಬದಲಾದದ್ದು ಉಳಿದಿಬ್ಬರೂ ನೇರವಾಗಿ ಮಾತಾಡಲೇಬೇಕಾಯಿತು ಎಂಬುದು. ಅಂದಹಾಗೆ, ಅದನ್ನು ಇಡಿಯಾಗಿ ಶೋಕಗೀತೆಯೆಂದು ಕೇಳುವವರು ಎಡವುತ್ತಾರೆ. ಬಹುಪಾಲು ಹಾಡುಗಳನ್ನು ಫ್ಲೆಚರ್ ಸಾವಿಗೆ ಮುಂಚೆಯೇ ಬರೆದಾಗಿತ್ತು.

ಹೋದದ್ದು ಧ್ವನಿಯಾದರೆ ಲೆಕ್ಕ ಕಷ್ಟ. ನಾಲ್ವರ ಹಾರ್ಮನಿ (ಬೇರೆ ಬೇರೆ ಸ್ವರಗಳನ್ನು ಒಟ್ಟಿಗೆ ಹಾಡುವುದು) ಮೂವರದಾದಾಗ ಅಗಲಿದವರ ಸಾಲನ್ನು ಸುಮ್ಮನೆ ಅಳಿಸಬೇಡಿ. ಅವರು ಗಾಂಧಾರ ಹಾಡುತ್ತಿದ್ದರೆ ಕಾರ್ಡ್ (ಒಟ್ಟಿಗೆ ಮೊಳಗುವ ಸ್ವರಗುಚ್ಛ) ಮೇಜರೋ ಮೈನರೋ ತಿಳಿಯದೆ ಟೊಳ್ಳಾಗುತ್ತದೆ. ಬಿಡುವುದಾದರೆ ಪಂಚಮ ಬಿಡಿ, ಷಡ್ಜದ ಅನುರಣನದಲ್ಲೇ ಅದರ ನೆರಳಿರುತ್ತದೆ. ಪಂಚಮ ಹಾಡುತ್ತಿದ್ದವರನ್ನು ಗಾಂಧಾರಕ್ಕೆ ಇಳಿಸಿ, ಆಮೇಲೆ ಆ ಸಾಲನ್ನು ಒಂಟಿಯಾಗಿ ಹಾಡಿಸಿ ನೋಡಿ. ದೊಡ್ಡ ಜಿಗಿತ ಬಂದರೆ ಅಲ್ಲೇ ಶ್ರುತಿ ಜಾರುವುದು.

ಹಳೆಯ ಹಾಡನ್ನು ಹೊಸ ಗಾಯಕರಿಗಾಗಿ ಮೂರು ಸೆಮಿಟೋನ್ (ಸ್ಥಾಯಿಯ ಹನ್ನೆರಡನೇ ಒಂದು ಭಾಗ ಒಂದು ಸೆಮಿಟೋನ್) ಇಳಿಸಿದಿರಿ ಅನ್ನಿ. ಧ್ವನಿ ಆರಾಮಾಗುತ್ತದೆ, ಬಾಸ್ ಗಿಟಾರ್ ಕೈಕೊಡುತ್ತದೆ. ನಾಲ್ಕು ತಂತಿಯ ಬಾಸಿನ ತೀರಾ ಕೆಳಗಿನ ಸ್ವರ 41 ಹರ್ಟ್ಸ್ ಆಸುಪಾಸು. ಅದಕ್ಕೂ ಕೆಳಗೆ ಬೇಕಾದರೆ ಐದು ತಂತಿಯದು ತರಬೇಕು, ಇಲ್ಲವೇ ಒಂದು ಸ್ಥಾಯಿ ಮೇಲೆ ನುಡಿಸಿ ತೂಕ ಕಳೆದುಕೊಳ್ಳಬೇಕು. ರೆಕಾರ್ಡ್ ಆದ ಡ್ರಮ್ಸ್ ಸಮೇತ ಇಡೀ ಟ್ರ್ಯಾಕನ್ನು ಸಾಫ್ಟ್‌ವೇರಿನಲ್ಲಿ ಇಳಿಸುವುದಂತೂ ಬೇಡವೇ ಬೇಡ. ಹೊಡೆತದ ಮೊನೆ ಮೊಂಡಾಗುತ್ತದೆ.

ಅಗಲಿದವರ ಹಳೆಯ ಡೆಮೊ (ಕರಡು ರೆಕಾರ್ಡಿಂಗ್) ಧ್ವನಿ ಬಳಸುವುದಿದ್ದರೆ ಮೊದಲು ಕುಟುಂಬದ ಒಪ್ಪಿಗೆ ಮತ್ತು ಹಕ್ಕುಪತ್ರ. ಆಮೇಲೆ ಟೆಂಪೊ. ಕ್ಲಿಕ್ (ಲಯ ಹಿಡಿಯಲು ಕಿವಿಗೆ ಬಿಡುವ ಟಿಕ್ ಟಿಕ್ ಸದ್ದು) ಇಲ್ಲದೆ ಹಾಡಿದ ಧ್ವನಿ ಓಡುತ್ತದೆ, ನಿಧಾನಿಸುತ್ತದೆ; ಅದನ್ನು ಗ್ರಿಡ್ಡಿಗೆ, ಅಂದರೆ ಸಾಫ್ಟ್‌ವೇರಿನ ತಾಳದ ಗೆರೆಗಳಿಗೆ, ಎಳೆದು ಕೂರಿಸುವ ಬದಲು ಗ್ರಿಡ್ಡನ್ನೇ ಧ್ವನಿಗೆ ತಕ್ಕಂತೆ ಬಗ್ಗಿಸಿ. ಟೇಪಿನ ಶ್ರುತಿ 15 ಸೆಂಟ್ (ಸೆಮಿಟೋನಿನ ನೂರನೇ ಒಂದು ಭಾಗ ಒಂದು ಸೆಂಟ್) ಮೇಲಿದ್ದರೆ ವಾದ್ಯಗಳನ್ನು ಅಷ್ಟು ಏರಿಸಿ. ಗದ್ದಲ ತೆಗೆಯುವ ಫಿಲ್ಟರ್ ಜೋರಾದರೆ ಸ, ಶ ಅಕ್ಷರಗಳು ಮೊದಲು ಸಾಯುತ್ತವೆ. ಸ್ವಲ್ಪ ಹಿಸ್ (ಟೇಪಿನ ಸುಯ್ ಸದ್ದು) ಇರಲಿ ಬಿಡಿ.

ಸಾಲು ಅರ್ಧಕ್ಕೇ ನಿಂತಿದ್ದರೆ? ಗಾಯಕ ಫ್ರೆಡ್ಡಿ ಮರ್ಕ್ಯುರಿ ತೀರಿಕೊಂಡ ನಾಲ್ಕು ವರ್ಷಕ್ಕೆ, 1995ರಲ್ಲಿ ಬಂದ ಕ್ವೀನ್ ತಂಡದ 'ಮೇಡ್ ಇನ್ ಹೆವನ್'ನಲ್ಲಿ 'ಮದರ್ ಲವ್' ಹಾಡಿನ ಕೊನೆಯ ಚರಣವನ್ನು ಅವರು ಹಾಡಿ ಮುಗಿಸಿರಲಿಲ್ಲ. ತಂಡದ ಗಿಟಾರ್ ವಾದಕ ಬ್ರಯಾನ್ ಮೇ ಅದನ್ನು ತಮ್ಮದೇ ಧ್ವನಿಯಲ್ಲಿ ಹಾಡಿದರು, ಅನುಕರಣೆಗೆ ಹೋಗಲಿಲ್ಲ. ನನಗೆ ಅದೇ ಸರಿ ಅನ್ನಿಸುತ್ತದೆ.

ವೇದಿಕೆಯಲ್ಲಿ ಅಗಲಿದವರ ಧ್ವನಿ ಟ್ರ್ಯಾಕಿನಿಂದ ಬಂದರೆ ಡ್ರಮ್ಮರ್ ಕಿವಿಯಲ್ಲಿ ಕ್ಲಿಕ್ ಇರಲೇಬೇಕು, ಜನ ಎಷ್ಟೇ ಕೂಗಿದರೂ ಪಲ್ಲವಿಯನ್ನು ಇನ್ನೊಂದು ಸುತ್ತು ಎಳೆಯುವಂತಿಲ್ಲ. ಕಾರ್ಯಕ್ರಮಕ್ಕೆ ಅಂಥದ್ದು ಒಂದು ಹಾಡು ಸಾಕು.