ತೂಕದ ಮಿಷನ್ ಮೇಲೆ ಮಗು ನಿಲ್ಲದೆ ಡೋಸ್ ಲೆಕ್ಕ ಇಲ್ಲ

ನಾನು ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಕ್ಲಿನಿಕಲ್ ಫಾರ್ಮಸಿಸ್ಟ್. "ಅಂದ್ರೆ ಮೆಡಿಕಲ್‌ನಲ್ಲಿ ಮಾತ್ರೆ ಕೊಡುವುದಾ?" ಅಂತ ನೆಂಟರು ಈಗಲೂ ಕೇಳುತ್ತಾರೆ. ಅಲ್ಲ ಮಾರಾಯ್ರೆ. ಡಾಕ್ಟರ್ ಬರೆದ ಮದ್ದು ಈ ಮಗುವಿಗೆ, ಇವತ್ತಿನ ಸ್ಥಿತಿಗೆ ಸರಿ ಹೋಗುತ್ತದಾ ಅಂತ ವಾರ್ಡಿನಲ್ಲೇ ನಿಂತು ನೋಡುವ ಕೆಲಸ. ಬಯಲಾಜಿಕ್ ಮದ್ದುಗಳಲ್ಲಿ, ಅಂದರೆ ಜೀವಕೋಶಗಳಿಂದ ತಯಾರಿಸುವ ಪ್ರೋಟೀನ್ ಮದ್ದುಗಳಲ್ಲಿ, ಇದಕ್ಕೆ ಜಾಸ್ತಿ ಹೊತ್ತು ಬೇಕು.

ಟೋಸಿಲಿಝುಮ್ಯಾಬ್ ಅನ್ನುವ ಬಯಲಾಜಿಕ್ ಮದ್ದನ್ನೇ ಉದಾಹರಣೆಗೆ ನೋಡಿ. ಕೀಲುನೋವಿನ ಜೊತೆ ಜ್ವರ, ದದ್ದು ಬರುವ ಸಿಸ್ಟಮಿಕ್ ಜೆಐಎ (ಮಕ್ಕಳಲ್ಲಿ ಬರುವ ಒಂದು ಬಗೆಯ ಸಂಧಿವಾತ) ಇರುವ ಮಕ್ಕಳಿಗೆ ಇದನ್ನು ಎರಡು ವಾರಕ್ಕೊಮ್ಮೆ ಡ್ರಿಪ್ ಮೂಲಕ ಕೊಡುತ್ತಾರೆ. ತೂಕ 30 ಕೆಜಿಗಿಂತ ಕಡಿಮೆ ಇದ್ದರೆ ಕೆಜಿಗೆ 12 ಮಿಗ್ರಾಂ, 30 ಅಥವಾ ಮೇಲಿದ್ದರೆ 8 ಮಿಗ್ರಾಂ. ಅಂದರೆ 29 ಕೆಜಿ ಮಗುವಿಗೆ 348 ಮಿಗ್ರಾಂ, 31 ಕೆಜಿ ಮಗುವಿಗೆ 248. ಮಗು ಬೆಳೆದು 30 ಕೆಜಿ ದಾಟಿದರೆ ಡೋಸ್ ಇಳಿಯುತ್ತದೆ! ಹೊಸಬರು ಇದನ್ನು ಟೈಪಿಂಗ್ ತಪ್ಪು ಅಂದುಕೊಳ್ಳುತ್ತಾರೆ. ತಪ್ಪಲ್ಲ, ಕೆಜಿಗೆ 8 ಮಿಗ್ರಾಂ ಮಾತ್ರ ಕೊಟ್ಟರೆ ಚಿಕ್ಕ ಮಕ್ಕಳ ರಕ್ತದಲ್ಲಿ ಮದ್ದು ಸಾಕಷ್ಟು ಉಳಿಯುವುದಿಲ್ಲ, ಅದಕ್ಕೆ ಅವರಿಗೆ ಹೆಚ್ಚು.

ಹಾಗಂತ ಒಂದು ದಿನ 30.2 ಬಂತು ಅಂತ ತಕ್ಷಣ ಡೋಸ್ ಬದಲಾಯಿಸುವುದೂ ಇಲ್ಲ. ಈ ಮಕ್ಕಳಲ್ಲಿ ಹಲವರು ಸ್ಟಿರಾಯ್ಡ್ ಮೇಲಿರುತ್ತಾರೆ, ಹಸಿವು ಜಾಸ್ತಿ ಆಗಿ ತೂಕ ಏರುತ್ತದೆ, ಸ್ಟಿರಾಯ್ಡ್ ಇಳಿಸಿದಾಗ ಮತ್ತೆ ಇಳಿಯಬಹುದು. ಅದಕ್ಕೇ ಹಳೆ ಫೈಲ್ ತೆಗೆದು ಹಿಂದಿನ ತೂಕಗಳನ್ನೆಲ್ಲ ಸಾಲಾಗಿ ನೋಡಿ, ಏರಿದ ತೂಕ ಹಾಗೇ ಉಳಿದಿದೆಯಾ ಅಂತ ಖಾತ್ರಿ ಮಾಡಿಕೊಂಡು ಡಾಕ್ಟರ ಹತ್ತಿರ ಮಾತಾಡುತ್ತೇವೆ. ಕಂಪ್ಯೂಟರ್ ಮಾತ್ರ ಹಳೆ ತೂಕವನ್ನೇ ತುಂಬಿಸಿ ಕೊಡುತ್ತದೆ, ಅದರ ಮೇಲೆ ನನಗೆ ನಂಬಿಕೆ ಇಲ್ಲ. ಮಗುವನ್ನು ಚಪ್ಪಲಿ ಬಿಚ್ಚಿಸಿ ನಿಲ್ಲಿಸಿ. ಮದ್ದಿನ ವಯಲ್‌ಗಳು (ಸಣ್ಣ ಸೀಸೆಗಳು) 80, 200, 400 ಮಿಗ್ರಾಂನಲ್ಲಿ ಬರುತ್ತವೆ, ಯಾವುದನ್ನು ಜೋಡಿಸುತ್ತೀರಿ ಅನ್ನುವುದರಲ್ಲಿ ಮನೆಯವರ ದುಡ್ಡೂ ಇದೆ.

ಮದ್ದು ಶುರು ಮಾಡುವ ಮುಂಚೆ ಟಿಬಿ ಪರೀಕ್ಷೆ ಆಗಿದೆಯಾ, ಎಂಎಂಆರ್‌ನಂಥ (ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ) ಜೀವಂತ ಲಸಿಕೆ, ಅಂದರೆ ದುರ್ಬಲಗೊಳಿಸಿದ ಜೀವಂತ ರೋಗಾಣು ಇರುವ ಲಸಿಕೆ, ಬಾಕಿ ಇದೆಯಾ ಅಂತ ಕೇಳಬೇಕು, ಆಮೇಲೆ ಆ ಲಸಿಕೆ ಕೊಡಲು ಆಗುವುದಿಲ್ಲ. ಮನೆಗೆ ಕೊಂಡೊಯ್ಯುವ ಅಡಾಲಿಮುಮ್ಯಾಬ್ (ಇನ್ನೊಂದು ಬಯಲಾಜಿಕ್) ಇಂಜೆಕ್ಷನ್ ಪೆನ್ ಆದರೆ ಫ್ರಿಜ್ ಮಾತು. 2ರಿಂದ 8 ಡಿಗ್ರಿ ಸಾಕು. "ಎಂತ ಮೇಡಂ, ಐಸ್ ಆದ್ರೆ ಇನ್ನೂ ಒಳ್ಳೇದಲ್ವಾ?" ಅಂತ ಒಬ್ಬರು ಅಜ್ಜಿ ಕೇಳಿದ್ದರು. ಹೆಪ್ಪುಗಟ್ಟಿದ ಪೆನ್ ಕರಗಿದರೂ ಬಳಸುವಂತಿಲ್ಲ, ಅಜ್ಜಿ.

ನಮ್ಮ ಕರಾವಳಿಯಲ್ಲಿ ಇದೆಲ್ಲಕ್ಕಿಂತ ನನಗೆ ಭಯ ಇರುವುದು ಮಳೆಗಾಲದ್ದು. ಮಲೇರಿಯ, ಡೆಂಗಿ, ಇಲಿಜ್ವರ ಎಲ್ಲ ಆಗ ಒಟ್ಟಿಗೆ ಬರುತ್ತವೆ. ಟೋಸಿಲಿಝುಮ್ಯಾಬ್ ತಡೆಯುವುದು ಐಎಲ್-6 ಅನ್ನುವ, ದೇಹದಲ್ಲಿ ಉರಿಯೂತದ ಸಂದೇಶ ಸಾಗಿಸುವ ಪ್ರೋಟೀನಿನ ಕೆಲಸವನ್ನು. ಜ್ವರ ಬರಿಸುವುದರಲ್ಲೂ, ಸಿಆರ್‌ಪಿ (ಉರಿಯೂತ ಇದೆಯಾ ಅಂತ ರಕ್ತದಲ್ಲಿ ನೋಡುವ ಪರೀಕ್ಷೆ) ಏರಿಸುವುದರಲ್ಲೂ ಐಎಲ್-6ರದೇ ಕೈ. ಆದ್ದರಿಂದ ಸೋಂಕು ಹತ್ತಿದ್ದರೂ ಮೈ ಬಿಸಿ ಆಗದೇ ಇರಬಹುದು, ಸಿಆರ್‌ಪಿ ಚೆನ್ನಾಗೇ ಕಾಣಬಹುದು. ಊರಿನ ಕ್ಲಿನಿಕ್ ಡಾಕ್ಟರಿಗೆ ಈ ಮದ್ದಿನ ವಿಷಯವೇ ಗೊತ್ತಿಲ್ಲದಿದ್ದರೆ "ರಿಪೋರ್ಟ್ ನಾರ್ಮಲ್, ಏನೂ ಇಲ್ಲ" ಅಂತ ಕಳುಹಿಸಿಬಿಡಬಹುದು, ಅದು ಅವರ ತಪ್ಪೂ ಅಲ್ಲ.

ಹಾಗಾಗಿ ಸುಳ್ಯ, ಬೆಳ್ತಂಗಡಿ ಕಡೆಯಿಂದ ಬರುವವರಿಗೆ ಒಂದು ಚೀಟಿ ಬರೆದು ಕೊಡುತ್ತೇನೆ. ಮದ್ದಿನ ಹೆಸರು, ಕೊನೆಯ ಡ್ರಿಪ್‌ನ ತಾರೀಖು, "ಜ್ವರ ಇಲ್ಲದಿದ್ದರೂ ಸೋಂಕು ಇರಬಹುದು" ಅನ್ನುವ ಸಾಲು. ಮಗು ಮಂಕಾಗಿ ಮಲಗಿದರೆ, ಊಟ ಬಿಟ್ಟರೆ, ಥರ್ಮಾಮೀಟರ್ ನೋಡುತ್ತಾ ಕೂರಬೇಡಿ, ಚೀಟಿ ಹಿಡಿದು ಹೊರಡಿ ಅಂತ ತಾಯಂದಿರಿಗೆ ಬಾಯಲ್ಲೂ ಹೇಳುತ್ತೇನೆ. ಮೊಬೈಲಲ್ಲಿ ಅದರ ಫೋಟೋ ತೆಗೆದಿಟ್ಟುಕೊಳ್ಳಲೂ ಹೇಳುತ್ತೇನೆ, ಮಳೆಯಲ್ಲಿ ಬಸ್ಸಿಳಿದು ಬರುವಷ್ಟರಲ್ಲಿ ಕಾಗದ ಒದ್ದೆಯಾಗಿರುತ್ತದೆ.