ಹೊರದೇಶದ ಸ್ಟೀರಿಯೋ, ಹಾಸನದ ಕಾರು, ರಸ್ತೆಯ ಎಡ-ಬಲ

ಅಮೆರಿಕದಿಂದ ರಜೆಗೆ ಬಂದವರು ತಂದುಕೊಟ್ಟ ಕಾರ್ ಸ್ಟೀರಿಯೋ ಕೂರಿಸುವುದು ಅರ್ಧ ದಿನದ ಕೆಲಸ. ಹಾಡು ಬರುತ್ತದೆ, ಬ್ಲೂಟೂತ್ ಸಿಗುತ್ತದೆ. ಆಕಾಶವಾಣಿ ಹಾಸನ ಹಾಕಿದಾಗ ಮಾತ್ರ ದನಿ ಒಡೆದು, ಸ-ಶ ಅಕ್ಷರಗಳೆಲ್ಲ ಹರಿದಂತೆ ಕೇಳುತ್ತವೆ. ಏರಿಯಲ್ ಬದಲಿಸಿ ದುಡ್ಡು ಕಳೆಯುವ ಮೊದಲು, ಸೆಟ್ ಯಾವ ದೇಶಕ್ಕೆಂದು ತಯಾರಾಗಿದೆ ನೋಡಿ.

ಹಾಸನ ಕೇಂದ್ರ ಇರುವುದು 102.2 ಮೆಗಾಹರ್ಟ್ಸ್‌ನಲ್ಲಿ. ಅಮೆರಿಕದ ಸೆಟ್ 102.1, 102.3, 102.5 ಹೀಗೆ ಬೆಸ ಅಂಕಿಗಳ ಮೇಲಷ್ಟೇ ನಿಲ್ಲುತ್ತದೆ; 102.2 ಅದಕ್ಕೆ ಸಿಗುವುದೇ ಇಲ್ಲ. ಎಎಂನಲ್ಲೂ ಇದೇ ಕಥೆ. ಸ್ಟೇಷನ್‌ಗಳ ನಡುವಿನ ಅಂತರ ನಮ್ಮಲ್ಲಿ 9 ಕಿಲೋಹರ್ಟ್ಸ್, ಅಲ್ಲಿ 10. ಬೆಂಗಳೂರಿನ 612 ಹುಡುಕಿದರೆ 610 ಸಿಗುತ್ತದೆ, ಭದ್ರಾವತಿಯ 675 ಹುಡುಕಿದರೆ 670 ಇಲ್ಲವೇ 680. ಹೆಚ್ಚಿನ ಸೆಟ್‌ಗಳಲ್ಲಿ ಇದನ್ನು ಬದಲಿಸಬಹುದು. ಕೆಲವದರಲ್ಲಿ ಸೆಟ್ ಆಫ್ ಇದ್ದಾಗ ಮಾತ್ರ ತೆರೆಯುವ ಮೆನುವಿನಲ್ಲಿ ಎಫ್‌ಎಂ ಸ್ಟೆಪ್, ಎಎಂ ಸ್ಟೆಪ್ ಎಂದಿರುತ್ತದೆ. ಆಂಡ್ರಾಯ್ಡ್ ಸೆಟ್ ಆದರೆ ರೇಡಿಯೋ ರೀಜನ್ ಎಂಬಲ್ಲಿ ದೇಶ ಬದಲಿಸಿದರೆ ಸಾಕು.

ಜಪಾನಿನ ಹಳೆಯ ಸೆಟ್ ವಿಚಾರ ಬೇರೆ. ಅಲ್ಲೂ ನಮ್ಮ ಹಾಗೆಯೇ ಎಡಬದಿಯ ಸಂಚಾರ, ಸ್ಟೀರಿಂಗ್ ಬಲಕ್ಕೆ. ಹಾಗಾಗಿ ಆ ಸೆಟ್ ನಮಗೆ ಸಲೀಸಾಗಿ ಹೊಂದುತ್ತದೆಂದು ಕೊಳ್ಳುವವರಿದ್ದಾರೆ. ಆದರೆ ಅದರ ಎಫ್‌ಎಂ 76ರಲ್ಲಿ ಶುರುವಾಗಿ 90ಕ್ಕೋ 95ಕ್ಕೋ ಮುಗಿಯುತ್ತದೆ. ಬ್ಯಾಂಡ್ ಎಕ್ಸ್‌ಪ್ಯಾಂಡರ್ ಎಂಬ ಸಣ್ಣ ಡಬ್ಬಿಯನ್ನು ಏರಿಯಲ್ ವೈರಿನ ನಡುವೆ ಸೇರಿಸಬೇಕು. ಅದರ ಮೇಲೆ 14 ಎಂದು ಬರೆದಿದ್ದರೆ ಸ್ಟೇಷನ್‌ಗಳೆಲ್ಲ 14 ಮೆಗಾಹರ್ಟ್ಸ್ ಕೆಳಗಿಳಿದು, ಹಾಸನ 88.2ರಲ್ಲಿ ಸಿಗುತ್ತದೆ. ಸಿಗ್ನಲ್ ಮಾತ್ರ ತುಸು ಸೊರಗುತ್ತದೆ. ಬೆಟ್ಟ ಅಡ್ಡ ಬರುವ ಸಕಲೇಶಪುರದ ಕಡೆ ಓಡಾಡುವವರಿಗೆ ಇದನ್ನು ನಾನು ಹೇಳುವುದಿಲ್ಲ.

ಇನ್ನು ಕೂರುವ ಬದಿ. ಎಡ ಸ್ಟೀರಿಂಗಿನ ದೇಶಕ್ಕೆ ಮಾಡಿದ ಸೆಟ್‌ನಲ್ಲಿ ವಾಲ್ಯೂಮ್ ಗುಂಡಿ ಸಾಮಾನ್ಯವಾಗಿ ಎಡತುದಿಯಲ್ಲಿ, ಅಲ್ಲಿನ ಚಾಲಕನ ಕೈಗೆ ಹತ್ತಿರ. ಸೆಟ್‌ನ ಅಗಲ 180 ಮಿಲಿಮೀಟರ್. ನಮ್ಮ ಚಾಲಕ ಅಷ್ಟು ದೂರ ಕೈ ಚಾಚಬೇಕು. ಶಿರಾಡಿ ಘಾಟಿಯ ತಿರುವಿನಲ್ಲಿ ಇದು ಸಣ್ಣ ವಿಷಯವಲ್ಲ. ಸ್ಟೀರಿಂಗ್ ಮೇಲಿನ ಬಟನ್‌ಗಳಿಗೆ ವೈರ್ ಕೊಡುವುದೇ ಸರಿಯಾದ ದಾರಿ. ಒಂಬತ್ತು ಇಂಚಿನ ಪರದೆಯ ಫ್ರೇಮ್ ಕೊಳ್ಳುವಾಗ ಬಲ ಸ್ಟೀರಿಂಗಿನದೇ ಎಂದು ಕೇಳಿ ಕೊಳ್ಳಿ. ಡ್ಯಾಶ್‌ಬೋರ್ಡ್ ಚಾಲಕನತ್ತ ವಾಲಿರುವ ಕಾರಿನಲ್ಲಿ ಎಡದ ಫ್ರೇಮ್ ಕನ್ನಡಿಯ ಬಿಂಬದಂತೆ ತಿರುಗುಮುರುಗು, ಉಜ್ಜಿದರೂ ಕೂರುವುದಿಲ್ಲ.

ಬಿಚ್ಚುವ ಕೆಲಸವನ್ನು ಬಿಸಿಲೇರಿದ ಮೇಲೆ ಇಟ್ಟುಕೊಳ್ಳಿ. ಚಿಕ್ಕಮಗಳೂರಿನ ಚಳಿಯ ಬೆಳಗ್ಗೆ ಹಳೆಯ ಪ್ಲಾಸ್ಟಿಕ್ ಕ್ಲಿಪ್‌ಗಳು ಪಟಕ್ಕೆಂದು ಮುರಿಯುತ್ತವೆ. ಸ್ಕ್ರೂಡ್ರೈವರ್ ಬೇಡ, ಪ್ಲಾಸ್ಟಿಕ್ ಪಟ್ಟಿಯಿಂದ ಎಬ್ಬಿಸಿ. ಸೆಟ್ ಹೊರಬಂದ ಮೇಲೆ ವೈರುಗಳ ಬಣ್ಣವನ್ನಷ್ಟೇ ನಂಬಬೇಡಿ, ಮಲ್ಟಿಮೀಟರ್ ಹಿಡಿಯಿರಿ. ಹಳದಿಯಲ್ಲಿ ಕೀ ತೆಗೆದ ಮೇಲೂ 12 ವೋಲ್ಟ್ ಇರಬೇಕು, ಕೆಂಪಿನಲ್ಲಿ ಕೀ ತಿರುಗಿಸಿದಾಗ ಮಾತ್ರ. ಕೆಲವು ಕಾರುಗಳ ಕಪ್ಲರಿನಲ್ಲಿ ಇವೆರಡೂ ಅದಲುಬದಲು. ಹಾಗೇ ಜೋಡಿಸಿದರೆ ಕೀ ತೆಗೆದಾಗಲೆಲ್ಲ ಗಡಿಯಾರ, ಸ್ಟೇಷನ್ ಎಲ್ಲ ಅಳಿಸಿಹೋಗುತ್ತವೆ. ನೀಲಿ ವೈರನ್ನು ಬೇಡವೆಂದು ಬಿಡುವವರೇ ಹೆಚ್ಚು. ಛಾವಣಿಯ ಗಿಡ್ಡ ಏರಿಯಲ್ಲಿನ ಬುಡದಲ್ಲಿ ಆಂಪ್ಲಿಫೈಯರ್ ಇದ್ದರೆ ಅದಕ್ಕೆ ಕರೆಂಟ್ ಹೋಗುವುದು ಈ ವೈರಿನಿಂದಲೇ. ಬಿಟ್ಟರೆ ಊರು ದಾಟುತ್ತಿದ್ದಂತೆ ಎಫ್‌ಎಂ ಮಾಯ. ಸ್ಪೀಕರಿನ ನೆಗೆಟಿವ್ ವೈರನ್ನು ಯಾವ ಕಾರಣಕ್ಕೂ ಬಾಡಿ ಅರ್ತ್‌ಗೆ ಸೇರಿಸಬೇಡಿ, ಸೆಟ್ಟಿನೊಳಗಿನ ಆಂಪ್ಲಿಫೈಯರ್ ಐಸಿ ಸುಟ್ಟುಹೋಗುತ್ತದೆ.

ಅಳೆದಾದ ಮೇಲೆ 10ನೇ ನಂಬರ್ ಸ್ಪ್ಯಾನರಿನಿಂದ ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಆಮೇಲೆ ಜೋಡಣೆ. ತಿರುಚಿ ಇನ್ಸುಲೇಷನ್ ಟೇಪ್ ಸುತ್ತಿದ ಜೋಡಣೆ ಮಲೆನಾಡಿನಲ್ಲಿ ಬಾಳುವುದಿಲ್ಲ. ಬೇಸಿಗೆಗೆ ಅಂಟು ಕರಗಿ ಟೇಪ್ ಜಾರುತ್ತದೆ, ಮಳೆಗಾಲದ ತೇವಕ್ಕೆ ತಾಮ್ರ ಹಸಿರುಗಟ್ಟುತ್ತದೆ. ಬೆಸುಗೆ ಹಾಕಿ, ಮೇಲೆ ಹೀಟ್‌ಶ್ರಿಂಕ್ ಕೊಳವೆ ಏರಿಸಿ ಬಿಸಿ ಮಾಡಿ. ಫ್ರೇಮ್ ಒತ್ತುವ ಮೊದಲು ನಾಲ್ಕೂ ಸ್ಪೀಕರ್ ಪರೀಕ್ಷಿಸಿ. ಕಾರಿನ ಹಿಂದೆ, ಚಾಲಕನ ಎಡಗೈ ಬದಿಗೆ ಒಬ್ಬರನ್ನು ನಿಲ್ಲಿಸಿ ರಿವರ್ಸ್ ಕ್ಯಾಮೆರಾ ನೋಡಿ. ಅವರು ಪರದೆಯಲ್ಲೂ ಎಡಕ್ಕೇ ಕಾಣಬೇಕು. ಬಲಕ್ಕೆ ಕಂಡರೆ ಮಿರರ್ ಸೆಟ್ಟಿಂಗ್ ತಪ್ಪಿದೆ.

ಚಾಲಕ ಬದಿ ಬದಲಿಸುವಾಗಲೂ ಇಂಥವೇ ಸಣ್ಣ ತಪ್ಪುಗಳು. ಬಲಬದಿಯ ಸಂಚಾರದ ದೇಶಕ್ಕೆ ಹೋಗುವವರು ಆರ್‌ಟಿಒದಲ್ಲಿ ಫಾರಂ 4ಎ ಕೊಟ್ಟು ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಪಡೆಯಬಹುದು, ಅವಧಿ ಹೆಚ್ಚೆಂದರೆ ಒಂದು ವರ್ಷ. ಕಾರಿನೊಳಗೆ ಕ್ಲಚ್, ಬ್ರೇಕ್, ಆಕ್ಸಿಲರೇಟರ್ ನಮ್ಮ ಕ್ರಮದಲ್ಲೇ ಇರುತ್ತವೆ. ಗೇರ್ ಬಲಗೈಗೆ ಬರುತ್ತದೆ. ಒಂದನೇ ಗೇರ್ ನಮ್ಮಲ್ಲಿ ಮೈಯಿಂದ ಆಚೆಗಿದ್ದರೆ ಅಲ್ಲಿ ಮೈಯತ್ತ. ಇಂಡಿಕೇಟರ್ ಎಡಕ್ಕಿರುವುದರಿಂದ ಮೊದಲ ದಿನ ವೈಪರ್ ಆಡುತ್ತದೆ. ವೃತ್ತವನ್ನು ಅಲ್ಲಿ ಅಪ್ರದಕ್ಷಿಣೆಯಾಗಿ ಸುತ್ತಬೇಕು, ಎಡದಿಂದ ಬರುವವರಿಗೆ ದಾರಿ ಬಿಡಬೇಕು. ರಸ್ತೆಯ ನಡುಗೆರೆ ಯಾವಾಗಲೂ ಚಾಲಕನ ಪಕ್ಕದಲ್ಲಿರಲಿ. ಎರಡೂ ಕಡೆಗೆ ಸಲ್ಲುವ ಗುರುತು ಇದೊಂದೇ.

ಎದುರಿಗೆ ವಾಹನಗಳಿದ್ದಾಗ ಕಣ್ಣು ತಾನೇ ತಿದ್ದಿಕೊಳ್ಳುತ್ತದೆ. ಎಡವುವುದು ಖಾಲಿ ರಸ್ತೆಯಲ್ಲಿ. ಹೊರದೇಶದಿಂದ ಮರಳಿದ ಮಾರನೇ ಬೆಳಗ್ಗೆ ಪೆಟ್ರೋಲ್ ಬಂಕಿನಿಂದ ಹೊರಬಂದು ಊರಿನ ರಸ್ತೆಗೆ ತಿರುಗುವಾಗ ಪಕ್ಕದಲ್ಲಿ ಕೂತವರು ಎಡ ಎಂದು ಬಾಯಿಬಿಟ್ಟು ಹೇಳಲಿ. ಆ ತಿರುವು ಮುಗಿಯುವವರೆಗೆ ಹೊಸ ಸೆಟ್ ಆಫ್ ಇರಲಿ.