ಹುಲ್ಲು ಬೇಕು, ಬಟ್ಟೆ ಬೇಡ

ಈ ವಾರ ನಮ್ಮೂರಿನಲ್ಲಿ ರಾಗಿ ಹುಲ್ಲಿನ ಮೆದೆ ಒಟ್ಟುತ್ತಿದ್ದಾರೆ. ಹೋದ ವರ್ಷ ಒಂದೇ ಕಣದಲ್ಲಿ ಏಳು ಮೆದೆಗಳು ಅಕ್ಕಪಕ್ಕ ನಿಂತಿದ್ದವು. ಈ ಸಲ ಒಂದರಿಂದ ಇನ್ನೊಂದಕ್ಕೆ ಮೂವತ್ತು ಹೆಜ್ಜೆ ಬಿಡಬೇಕೆಂದು ಊರಿನಲ್ಲಿ ಮಾತಾಗಿದೆ. ಯಾರ ಹೆಜ್ಜೆ ಎಂಬ ವಿಷಯಕ್ಕೆ ನಿನ್ನೆ ಜಗಳವೂ ನಡೆಯಿತು. ಆ ಜಗಳ ಕೇಳುತ್ತಾ ನಿಂತಾಗ, ಮಾರ್ಚ್ ತಿಂಗಳಲ್ಲಿ ಆ ಮೆದೆಗಳಿಗೆ ಬೆಂಕಿ ಬಿದ್ದ ಕಥೆಯನ್ನು ಮರೆಯುವ ಮೊದಲು ಬರೆದಿಡಬೇಕು ಎನ್ನಿಸಿತು.

ನಾನು ಊರಿನ ಮಹಿಳಾ ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿ. ಹನ್ನೊಂದು ವರ್ಷಗಳಿಂದ ದಿನಕ್ಕೆ ಎರಡು ಹೊತ್ತು ಹಾಲು ಅಳೆಯುತ್ತಿದ್ದೇನೆ. ಯಾರ ಮನೆಯಲ್ಲಿ ಎಷ್ಟು ಹಸು, ಯಾವುದು ಗಬ್ಬ, ಯಾವುದು ಬತ್ತಿದೆ, ಯಾರ ಹಾಲಿನಲ್ಲಿ ಫ್ಯಾಟ್ ಇದ್ದಕ್ಕಿದ್ದಂತೆ ಇಳಿದಿದೆ, ಏಕೆ ಇಳಿದಿದೆ ಎಂಬುದೆಲ್ಲ ನನಗೆ ಬಾಯಿಪಾಠ. ಇದರಿಂದ ನನಗೆ ಗೆಳತಿಯರು ಕಡಿಮೆ. ಆದರೆ ಬೆಂಕಿ ಬಿದ್ದ ವಾರ ಊರಿಗೆ ಬೇಕಾಗಿದ್ದ ಪಟ್ಟಿ ಇದ್ದದ್ದು ನನ್ನ ರಿಜಿಸ್ಟರಿನಲ್ಲಿ ಮಾತ್ರ.

ನಮ್ಮದು ದೇವರಾಯನದುರ್ಗದ ಕಾಡಿನ ಅಂಚಿನ ಊರು. ತುಮಕೂರಿನಿಂದ ಬರುವವರು ನಾಮದ ಚಿಲುಮೆ ನೋಡಿ, ಬೆಟ್ಟ ಹತ್ತಿ, ನರಸಿಂಹಸ್ವಾಮಿಗೆ ಕೈ ಮುಗಿದು ಹೋಗುತ್ತಾರೆ. ಜಯಮಂಗಲಿ ಹುಟ್ಟುವುದೂ ಈ ಬೆಟ್ಟದಲ್ಲೇ. ಮಳೆಗಾಲದಲ್ಲಿ ಆಳೆತ್ತರ ಬೆಳೆಯುವ ಬಾದೆ ಹುಲ್ಲು ಮಾರ್ಚ್ ಹೊತ್ತಿಗೆ ಒಣಗಿ ಕಾಗದವಾಗಿರುತ್ತದೆ. ಅರಣ್ಯ ಇಲಾಖೆಯವರು ಬೇಸಿಗೆಗೆ ಮೊದಲು ಹುಲ್ಲು ಸವರಿ ಬೆಂಕಿ ರೇಖೆ ಮಾಡುತ್ತಾರೆ, ಕಾವಲಿಗೆ ಜನ ಇಡುತ್ತಾರೆ. ಆದರೂ ಒಂದು ಬೀಡಿ ತುಂಡು ಸಾಕು. ಸುಟ್ಟರೆ ಮಳೆಗೆ ಹೊಸ ಹುಲ್ಲು ಚೆನ್ನಾಗಿ ಚಿಗುರುತ್ತದೆ ಎಂದು ನಂಬಿದವರೂ ನಮ್ಮ ನಡುವೆಯೇ ಇದ್ದಾರೆ. ಯಾರು ಹಚ್ಚಿದರು ಎಂದು ನಾನು ಹುಡುಕಲು ಹೋಗಿಲ್ಲ. ಹುಡುಕಿದರೆ ನಮ್ಮ ಬೀದಿಯಲ್ಲೇ ಸಿಕ್ಕಿಬಿಡುತ್ತಾರೋ ಎಂಬ ಭಯ.

ಬೆಂಕಿ ಏರು ಹತ್ತುವಾಗ ಓಡುತ್ತದೆ, ಇಳಿಯುವಾಗ ನಡೆಯುತ್ತದೆ. ನಾವು ಕೆಳಗಿದ್ದೇವೆ, ಇಲ್ಲಿಗೆ ಬರುವುದರೊಳಗೆ ಆರಿಸಬಹುದು ಎಂದು ಧೈರ್ಯವಾಗಿದ್ದೆವು. 2019ರ ಫೆಬ್ರುವರಿಯಲ್ಲಿ ಬಂಡೀಪುರ ಹೊತ್ತಿಕೊಂಡಾಗ ವಾಯುಪಡೆಯ ಹೆಲಿಕಾಪ್ಟರುಗಳು ನೀರು ಸುರಿದದ್ದನ್ನು ಟಿವಿಯಲ್ಲಿ ನೋಡಿದ್ದೆವು. ನಮ್ಮ ಗುಡ್ಡಕ್ಕೆ ಬಂದದ್ದು ಹೊಂಗೆ ಸೊಪ್ಪು. ಹಸಿ ಕೊಂಬೆ ಮುರಿದುಕೊಂಡು ಗಂಡಸರು, ಹುಡುಗರು ಸಾಲಾಗಿ ನಿಂತು ಬಡಿದರು. ಮಧ್ಯಾಹ್ನ ಮೂರರ ಹೊತ್ತಿಗೆ ಗಾಳಿ ತಿರುಗಿತು. ಕಿಡಿಗೆ ಏರು, ಇಳಿಜಾರು ಎಂಬುದಿಲ್ಲ. ಅದು ಬಡಿಯುವವರ ತಲೆಯ ಮೇಲೆ ಹಾರಿ ಬಂದು ಕಣದ ಮೂಲೆಯ ಮೆದೆಯ ನೆತ್ತಿಯ ಮೇಲೆ ಕುಳಿತುಕೊಂಡಿತು.

ನಾನು ಆಗ ಡೈರಿಯ ಬಾಗಿಲು ತೆರೆದು ಕ್ಯಾನ್ ತೊಳೆಯುತ್ತಿದ್ದೆ. ಮೊದಲು ಬಂದದ್ದು ವಾಸನೆ. ಹುಲ್ಲು ಸುಡುವ ವಾಸನೆ ಕೆಟ್ಟದ್ದಲ್ಲ, ನಿಜ ಹೇಳಬೇಕೆಂದರೆ ಹಿತವಾಗಿಯೇ ಇರುತ್ತದೆ. ಆಮೇಲೆ ಕೂಗು. ಓಡಿ ಹೋಗುವುದರೊಳಗೆ ಮೂರನೆಯ ಮೆದೆಗೆ ಹತ್ತಿತ್ತು. ಕಣದ ಪಕ್ಕದಲ್ಲೇ ಮೂರು ಕೊಟ್ಟಿಗೆಗಳು. ಕಣ್ಣಿ ಬಿಚ್ಚಲು ಯಾರ ಕೈಯಲ್ಲೂ ಆಗಲಿಲ್ಲ, ದನಗಳು ಜಗ್ಗಿ ಗಂಟು ಬಿಗಿದಿದ್ದವು. ಕುಡುಗೋಲಿನಿಂದ ಕತ್ತರಿಸಿದೆವು. ಒಂದು ಸೀಮೆ ಹಸುವನ್ನು ಹೊರಗೆ ಅಟ್ಟಿದರೆ, ಅದು ನಾಲ್ಕು ಹೆಜ್ಜೆ ಓಡಿ, ತಿರುಗಿ ನೇರವಾಗಿ ಅದೇ ಕೊಟ್ಟಿಗೆಯೊಳಗೆ ನುಗ್ಗಿತು. ದನಕ್ಕೆ ಹೆದರಿಕೆಯಾದರೆ ಅದು ಹೋಗುವುದು ತನ್ನ ಗೊಂತಿಗೆ. ಎರಡನೆಯ ಸಲ ಎಳೆದು ತಂದಾಗ ಅದರ ಕೆಚ್ಚಲಿನ ಒಂದು ಪಕ್ಕ ಕೆಂಪಾಗಿ ಬೊಬ್ಬೆ ಎದ್ದಿತ್ತು. ಕರೆಯಲು ಕೈ ಇಟ್ಟರೆ ಮೂರು ವಾರ ಒದೆಯುತ್ತಿತ್ತು.

ಅಗ್ನಿಶಾಮಕ ವಾಹನದ ವಿಷಯ ಹೇಳಬಾರದು ಎಂದುಕೊಂಡಿದ್ದೆ. ಹೇಳಿಯೇಬಿಡುತ್ತೇನೆ. ಅದು ಬೇಗನೆ ಬಂತು. ಬಂದು ಊರ ಬಾಗಿಲಲ್ಲಿ ನಿಂತಿತು. ಹಿಂದಿನ ವರ್ಷ ನಾವೆಲ್ಲ ಚಂದಾ ಎತ್ತಿ ದೇವಸ್ಥಾನಕ್ಕೆ ಕಮಾನು ಕಟ್ಟಿಸಿದ್ದೆವು, ಎರಡು ಕಡೆ ಆನೆ, ಮೇಲೆ ಗರುಡ. ಅದರ ಕೆಳಗೆ ವಾಹನ ಹಿಡಿಸಲಿಲ್ಲ. ಕೆರೆ ಏರಿಯ ಮೇಲೆ ಸುತ್ತಿಕೊಂಡು ಬರುವುದರೊಳಗೆ ಇಪ್ಪತ್ತು ನಿಮಿಷ ಕಳೆದವು, ಇನ್ನೆರಡು ಮೆದೆ ಹೋದವು. ಆ ಕಮಾನಿನ ಕಂಬದ ಮೇಲೆ ದಾನಿಗಳ ಪಟ್ಟಿಯಲ್ಲಿ 501 ರೂಪಾಯಿಯ ಎದುರು ನನ್ನ ಹೆಸರೂ ಇದೆ.

ಮನುಷ್ಯರಿಗೆ ಏನೂ ಆಗಲಿಲ್ಲ. ಎರಡು ಮೇಕೆ ಸತ್ತವು. ಕೊಟ್ಟಿಗೆಗಳ ಛಾವಣಿ, ಒಬ್ಬರ ಅಡಿಕೆ ತೋಟದ ಹನಿ ನೀರಾವರಿ ಪೈಪುಗಳು, ಏಳೂ ಮೆದೆ ಹೋದವು. ಮೆದೆಯ ಬೆಂಕಿ ಆರಿತು ಎಂದುಕೊಳ್ಳುವುದು ತಪ್ಪು. ಮೇಲೆ ನೀರು ಹಾಕಿದರೆ ಕಪ್ಪಾಗಿ ಸುಮ್ಮನಾಗುತ್ತದೆ, ಒಳಗೆ ಕೆಂಡ ಹಾಗೆಯೇ ಇರುತ್ತದೆ. ಕವೆಗೋಲು ಹಾಕಿ ಬಿಡಿಸಿ, ಹರಡಿ, ಮತ್ತೆ ನೀರು ಹೊಯ್ಯಬೇಕು. ಮೂರು ದಿನ ಹೊಗೆ ಬಂತು. ಅರ್ಧ ಉಳಿದ ಹುಲ್ಲನ್ನು ತಂದು ಗೊಂತಿಗೆ ಹಾಕಿದರೆ ಹಸು ಮೂಗು ಇಟ್ಟು, ಜೋರಾಗಿ ಉಸಿರು ಬಿಟ್ಟು, ಮುಖ ತಿರುಗಿಸಿತು. ಹೊಗೆ ಹಿಡಿದು ನೆಂದ ಹುಲ್ಲು ತಿನ್ನುವಷ್ಟು ದಡ್ಡ ಪ್ರಾಣಿ ಅದಲ್ಲ.

ಮರುದಿನ ಬೆಳಿಗ್ಗೆ ಎಂದಿನಂತೆ ಆರಕ್ಕೆ ಡೈರಿ ತೆರೆದೆ. ತೆರೆಯಬೇಕೋ ಬೇಡವೋ ಎಂದು ರಾತ್ರಿಯೆಲ್ಲ ಯೋಚಿಸಿದ್ದೆ. ಹೆಂಗಸರು ಕ್ಯಾನ್ ಹಿಡಿದು ಬಂದು ಸಾಲಾಗಿ ನಿಂತಿದ್ದರು, ಸೀರೆಯ ಸೆರಗೆಲ್ಲ ಮಸಿ. ದಿನವೂ ಬೆಳಿಗ್ಗೆ 240 ಲೀಟರ್ ಆಸುಪಾಸು ಬರುತ್ತಿದ್ದದ್ದು ಅಂದು 171 ಬಂತು. ಅಳೆಯುತ್ತಾ ಅಳೆಯುತ್ತಾ ಪ್ರತಿಯೊಬ್ಬರನ್ನೂ ಒಂದೇ ಪ್ರಶ್ನೆ ಕೇಳಿದೆ: ಈ ಸಂಜೆ ದನಕ್ಕೆ ಏನು ಹಾಕುತ್ತೀರಿ? ಹತ್ತೊಂಬತ್ತು ಮನೆಯವರು ಉತ್ತರ ಕೊಡಲಿಲ್ಲ. ಆ ಮನೆಗಳಲ್ಲಿ 63 ಹಸು.

ಲೆಕ್ಕ ಕಷ್ಟದ್ದಲ್ಲ. ಹಸುವಿಗೆ ದಿನಕ್ಕೆ ಆರು ಕಿಲೋ ಒಣಹುಲ್ಲು ಎಂದರೂ 378 ಕಿಲೋ. ಮುಂಗಾರು ಬಿದ್ದು ಬದುವಿನಲ್ಲಿ ಹಸಿರು ಕಾಣಿಸಲು ಎರಡು ತಿಂಗಳು. ಇಪ್ಪತ್ತೆರಡು ಟನ್ನಿಗೂ ಮೇಲೆ, ಅಂದರೆ ಹದಿನಾರು ಟ್ರ್ಯಾಕ್ಟರ್ ಲೋಡು.

ಅಂದು ಮಧ್ಯಾಹ್ನದಿಂದ ಪೇಟೆಯ ಕಡೆಯ ವಾಹನಗಳು ಬರತೊಡಗಿದವು. ಒಳ್ಳೆಯ ಮನಸ್ಸಿನಿಂದಲೇ ಬಂದರು, ಇಲ್ಲವೆನ್ನಲಾರೆ. ಹಳೆಯ ಸೀರೆ, ಹೊದಿಕೆ, ನೀರಿನ ಬಾಟಲಿ, ಬಿಸ್ಕತ್ತು, ಬ್ರೆಡ್ಡು. ಊರಿನಲ್ಲಿ ಮನೆ ಕಳೆದುಕೊಂಡವರು ಒಬ್ಬರೂ ಇರಲಿಲ್ಲ. ಬಟ್ಟೆಯ ಗಂಟುಗಳು ಸಮುದಾಯ ಭವನದಲ್ಲಿ ಸೊಂಟದೆತ್ತರ ಬೆಳೆದವು. ಯಾರೋ ಒಬ್ಬಾಕೆ ಬ್ರೆಡ್ಡಿನ ಕಟ್ಟುಗಳನ್ನು ಬಿಚ್ಚಿ ಹಸುವಿಗೆ ಸುರಿಯಲು ಹೋದಾಗ, ಪಶುವೈದ್ಯರು ಓಡಿಬಂದು ತಡೆದರು. ಹಸಿದ ಹಸು ಒಮ್ಮೆಲೇ ಅಷ್ಟು ಬ್ರೆಡ್ಡು ತಿಂದರೆ ಹೊಟ್ಟೆಯಲ್ಲಿ ಹುಳಿಯೇರಿ ಸಾಯಲೂಬಹುದು. ಕಂದಾಯದವರು ಬಂದು ಪಂಚನಾಮೆ ಬರೆದುಕೊಂಡರು. ವಿಪತ್ತು ಪರಿಹಾರ ನಿಧಿಯ ಆಗಿನ ನಿಯಮದಲ್ಲಿ ಸತ್ತ ಕರೆಯುವ ಹಸುವಿಗೆ 37,500 ರೂಪಾಯಿ, ಮೇಕೆಗೆ 4,000. ಬದುಕಿ ಹಸಿದಿರುವ ಹಸುವಿಗೆ ಸಂಜೆಯ ಹುಲ್ಲು ನಾವೇ ಹುಡುಕಬೇಕಿತ್ತು.

ನನ್ನ ತಮ್ಮ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಮೆಲ್ಬರ್ನ್‌ನಲ್ಲಿದ್ದಾನೆ. ಅಂದು ರಾತ್ರಿ ಫೋನ್ ಮಾಡಿದವನು ಪೂರ್ತಿ ಕೇಳಿಸಿಕೊಂಡು, "ಅಕ್ಕಾ, ಇಲ್ಲಿಯೂ ಹೀಗೆಯೇ ಆಗಿತ್ತು" ಎಂದ. 2019ರ ಕೊನೆಗೆ ಶುರುವಾದ ಅಲ್ಲಿನ ಕಾಡ್ಗಿಚ್ಚಿನಲ್ಲಿ, ಡಿಸೆಂಬರ್ 31ರ ಬೆಳಿಗ್ಗೆ ಮಲ್ಲಕೂಟ ಎಂಬ ಕರಾವಳಿ ಊರಿನಲ್ಲಿ ಸುಮಾರು 4,000 ಜನ ನೀರಿನ ಅಂಚಿಗೆ ಓಡಿ ನಿಂತಿದ್ದರು, ರಸ್ತೆ ಮುಚ್ಚಿತ್ತು, ಆಮೇಲೆ ನೌಕಾಪಡೆಯ ಹಡಗು ಬಂದು ಕರೆದೊಯ್ಯಬೇಕಾಯಿತು. ಅಂಥ ದೇಶದಲ್ಲೂ ಬಟ್ಟೆಬರೆಯ ರಾಶಿ ಬಿದ್ದು, ವಸ್ತು ಕಳಿಸಬೇಡಿ, ಹಣ ಕೊಡಿ ಎಂದು ಸರ್ಕಾರವೇ ಜನರನ್ನು ಕೇಳಿಕೊಂಡಿತಂತೆ. ಬೇರ್ನ್ಸ್‌ಡೇಲ್ ಎಂಬ ಊರಿನಲ್ಲಿ ಸಿಖ್ಖರು ವ್ಯಾನಿನಲ್ಲಿ ಅಡುಗೆ ಮಾಡಿ ಬಡಿಸಿದ್ದನ್ನೂ ಹೇಳಿದ.

ನನಗೆ ಕಿವಿಗೆ ಬಿದ್ದದ್ದು ಬೇಲಿಯ ಮಾತು. 2009ರ ಫೆಬ್ರುವರಿ 7ರಂದು ಅದೇ ವಿಕ್ಟೋರಿಯಾದಲ್ಲಿ ಬೆಂಕಿಗೆ 173 ಜನ ಸತ್ತರು. ಕಿಲ್‌ಮೋರ್ ಈಸ್ಟ್ ಎಂಬಲ್ಲಿ ಕುರಿ ಸಾಕುವ ಗಂಡಹೆಂಡತಿ, ಬೇಲಿಯೆಲ್ಲ ಸುಟ್ಟುಹೋಗಿ ಕುರಿಗಳು ರಸ್ತೆಗೆ ಬರುತ್ತವೆ ಎಂದು ಬೇಲಿ ಕಟ್ಟಲು ಜನ ಕೇಳಿದರು. ಜನ ಬಂದರು, ಒಂದು ವಾರದಲ್ಲಿ ಕಟ್ಟಿ ಮುಗಿಸಿದರು. ಆಮೇಲೆ ಆ ದಂಪತಿ ಉಳಿದವರ ಬೇಲಿ ಕಟ್ಟಲು ಹೊರಟರು. ಅದೇ ಬ್ಲೇಜ್‌ಏಡ್ ಎಂಬ ಸಂಸ್ಥೆಯಾಯಿತು. 2020ರಲ್ಲಿ ತಮ್ಮನೂ ಆ ಶಿಬಿರಕ್ಕೆ ನಾಲ್ಕು ದಿನ ಹೋಗಿದ್ದ. ಕಂಪ್ಯೂಟರ್ ಮುಂದೆ ಕೂರುವ ಕೈ, ಮುಳ್ಳುತಂತಿ ಎಳೆದು ಗಾಯ ಮಾಡಿಕೊಂಡಿದ್ದ. ರೈತ ಇವರ ಜೊತೆಯಲ್ಲೇ ಗೂಟ ಹೊಡೆಯುತ್ತಿದ್ದನಂತೆ, ಒಂದು ದಿನವೂ ಸುಮ್ಮನೆ ಕೂತು ನೋಡಲಿಲ್ಲವಂತೆ.

"ಇದು ನಮ್ಮ ಮುಯ್ಯಾಳು ಅಲ್ಲವೇನೋ?" ಎಂದೆ. ನಾಟಿಗೆ, ಕೊಯ್ಲಿಗೆ ಇವತ್ತು ನಾನು ನಿನ್ನ ಹೊಲಕ್ಕೆ, ನಾಳೆ ನೀನು ನನ್ನ ಹೊಲಕ್ಕೆ. ಅವನು ನಕ್ಕ. ಮುಯ್ಯಾಳು ಎಂಬ ಪದ ಕೇಳಿ ಎಷ್ಟೋ ವರ್ಷವಾಗಿತ್ತಂತೆ.

ಫೋನ್ ಇಟ್ಟು, ತಾಲ್ಲೂಕಿನ ಡೈರಿ ಕಾರ್ಯದರ್ಶಿಗಳ ವಾಟ್ಸಾಪ್ ಗುಂಪಿಗೆ ಬರೆದೆ: "ಹುಲ್ಲು ಬೇಕು, ಬಟ್ಟೆ ಬೇಡ. 63 ಹಸು, 60 ದಿನ." ಮೊದಲ ಲೋಡು ಬಂದದ್ದು ಕೊರಟಗೆರೆ ಕಡೆಯಿಂದ, ಎರಡನೆಯ ದಿನ ಸಂಜೆ, ದೀಪ ಹಚ್ಚುವ ಹೊತ್ತಿಗೆ. ಟ್ರ್ಯಾಕ್ಟರಿನವನು ಡೀಸೆಲ್ ದುಡ್ಡು ಸಹ ಮುಟ್ಟಲಿಲ್ಲ, ಕಾಫಿ ಕುಡಿದು ಹೋದ. ಕುಣಿಗಲ್ ಕಡೆಯಿಂದ ಬಂದ ಎರಡು ಲೋಡು ಭತ್ತದ ಹುಲ್ಲು. ರಾಗಿ ಹುಲ್ಲಿನ ರುಚಿ ಹತ್ತಿದ ನಮ್ಮ ದನಗಳು ಅದನ್ನು ಮೂಸಿ ಬಿಟ್ಟವು. ಬೆಲ್ಲ, ಉಪ್ಪು ಕರಗಿಸಿದ ನೀರು ಚಿಮುಕಿಸಿ ಎರಡು ದಿನ ಬುದ್ಧಿ ಹೇಳಬೇಕಾಯಿತು. ಎಲ್ಲ ಸೇರಿ ಹನ್ನೊಂದು ಲೋಡು ಬಂದವು. ಹದಿನಾರು ಬೇಕಿತ್ತು. ಮೂರು ಮನೆಯವರು ಒಂದೊಂದು ಹಸು ಮಾರಿದರು, ಅದನ್ನು ಮುಚ್ಚಿಡುವುದಿಲ್ಲ.

ಹಂಚುವುದು ತರುವುದಕ್ಕಿಂತ ಕಷ್ಟ. ನನ್ನ ರಿಜಿಸ್ಟರ್ ನೋಡಿ ಹಸುವಿಗೆ ಇಷ್ಟು ಹೊರೆ ಎಂದು ಬರೆದೆ. ತಮ್ಮದು ನಾಲ್ಕು ಹಸು ಎಂದವರಿಗೆ, ಎರಡರ ಹಾಲು ಮಾತ್ರ ಬರುತ್ತಿದೆಯಲ್ಲ, ಒಂದು ಗಬ್ಬ, ಇನ್ನೊಂದನ್ನು ದೀಪಾವಳಿಗೆ ಮಾರಿದಿರಲ್ಲ ಎಂದು ಎಲ್ಲರ ಎದುರು ಹೇಳಿದೆ. ಅವರು ಇಂದಿಗೂ ನನ್ನನ್ನು ಮಾತನಾಡಿಸುವುದಿಲ್ಲ. ಹಾಲು ಮಾತ್ರ ಹಾಕುತ್ತಾರೆ.

ತೊಡಕಾದದ್ದು ಮೂಲೆಮನೆ ಅಜ್ಜಿ. ಒಂದೇ ಹಸು, ಮಗ ಬೆಂಗಳೂರಿನಲ್ಲಿ. ಹುಲ್ಲು ತೆಗೆದುಕೊಂಡು ಹೋಗು ಎಂದರೆ ಬರಲಿಲ್ಲ. ಮನೆಗೆ ಹೊರಿಸಿಕೊಂಡು ಹೋದರೆ ಬಾಗಿಲಲ್ಲೇ ತಡೆದಳು. "ಬಿಟ್ಟಿ ಹುಲ್ಲು ತಿಂದು ನನ್ನ ಹಸು ಹಾಲು ಕೊಡುವುದಿಲ್ಲ, ತಾಯಿ" ಎಂದಳು. ಹಸು ಒಳಗಿನಿಂದ ಕೂಗುತ್ತಿತ್ತು. ನನಗೆ ಸಿಟ್ಟು ಬಂತು, ಅದನ್ನು ನುಂಗಿಕೊಂಡೆ. ನನ್ನ ಪುಸ್ತಕದ ಮೇಲೆ 'ಪರಿಹಾರ' ಎಂದು ಬರೆದಿದ್ದೆ. ಅಲ್ಲೇ ಜಗಲಿಯ ಮೇಲೆ ಕೂತು ಅದನ್ನು ಹೊಡೆದುಹಾಕಿ 'ಮುಯ್ಯಿ' ಎಂದು ಬರೆದೆ. ಮದುವೆಮನೆಯಲ್ಲಿ ಯಾರು ಎಷ್ಟು ಓದಿಸಿದರು ಎಂದು ಬರೆದಿಡುತ್ತೇವಲ್ಲ, ಅವರ ಮನೆಯ ಕಾರ್ಯಕ್ಕೆ ತಿರುಗಿ ಹಾಕಲು, ಹಾಗೆ. ಅಜ್ಜಿಗೆ ಓದಲು ಬಾರದು. ಓದಿ ಹೇಳಿಸಿಕೊಂಡಳು. ತನ್ನ ಹೆಸರಿನ ಎದುರು ಹೆಬ್ಬೆಟ್ಟು ಒತ್ತಿದಳು. ಆಮೇಲೆ ಹುಲ್ಲು ಒಳಗೆ ಹೋಯಿತು. ಎರಡು ತಿಂಗಳಿಗೆ ಅವಳ ಲೆಕ್ಕ ಹತ್ತೊಂಬತ್ತು ಹೊರೆ.

ಆ ಒಂದು ಪದ ಬದಲಾದ ಮೇಲೆ, ಹಿಂದುಮುಂದು ನೋಡುತ್ತಿದ್ದ ಉಳಿದವರೂ ಬಂದರು. ಆದರೆ ನಾನು ಯೋಚಿಸದೇ ಇದ್ದ ಪ್ರಶ್ನೆಯನ್ನೂ ಅಜ್ಜಿಯೇ ಎತ್ತಿದಳು. ಕೊರಟಗೆರೆಯವರು ಯಾರೋ, ಕುಣಿಗಲ್ಲಿನವರು ಯಾರೋ, ಮುಯ್ಯಿ ತಿರುಗಿಸುವುದು ಯಾರಿಗೆ? ಸಂಘದ ಸಭೆಯಲ್ಲಿ ಇದು ಮೂರು ಸಲ ಚರ್ಚೆಗೆ ಬಂತು. ಕೊನೆಗೆ, ಹೊಸ ರಾಗಿ ಹುಲ್ಲು ಬಂದ ಮೇಲೆ ಪ್ರತಿ ಮನೆಯವರೂ ಪಡೆದಷ್ಟನ್ನು ಒಂದು ಕಡೆ ಒಟ್ಟುವುದು, ಯಾವ ಊರಿಗೆ ಬೆಂಕಿ ಬಿದ್ದರೂ ಮೊದಲ ಲೋಡು ಅಲ್ಲಿಂದ ಹೊರಡುವುದು ಎಂದು ತೀರ್ಮಾನವಾಯಿತು. ಜಾಗ ಕೆರೆ ಏರಿಯ ಪಕ್ಕ, ಗುಡ್ಡಕ್ಕೆ ದೂರ, ನೀರಿಗೆ ಹತ್ತಿರ. ಕಮಾನಿನ ವಿಷಯ ಇನ್ನೂ ತೀರ್ಮಾನವಾಗಿಲ್ಲ. ಗರುಡನನ್ನು ಇಳಿಸಿದರೆ ವಾಹನ ಹಿಡಿಸುತ್ತದೆ, ಗರುಡನನ್ನು ಇಳಿಸಲು ಯಾರೂ ಸಿದ್ಧರಿಲ್ಲ.

ಮೊನ್ನೆ ಬೆಳಿಗ್ಗೆ ಹಾಲು ಅಳೆದು ಮುಗಿಸುವ ಹೊತ್ತಿಗೆ ಅಜ್ಜಿ ತಲೆಯ ಮೇಲೆ ಹೊರೆ ಹೊತ್ತು ಬಂದಳು. ಅವಳ ಹಿಂದೆ ಮೊಮ್ಮಗ, ಅವನ ತಲೆಯ ಮೇಲೂ ಒಂದು. ಐದು ಸಲ ಹೋಗಿ ಬಂದು ಹತ್ತು ಹೊರೆ ಇಳಿಸಿದರು. ಉಳಿದ ಒಂಬತ್ತು ಸಂಕ್ರಾಂತಿ ಕಳೆದ ಮೇಲೆ ಎಂದಳು. ನಾನು ಪುಸ್ತಕ ತೆಗೆದು, ಹತ್ತು ಎಂದು ಬರೆದು, ಓದಿ ಹೇಳಿದೆ. ಅವಳು ಕೊರಟಗೆರೆಯಿಂದ ಬಂದ ಹುಲ್ಲಿನ ಹೊರೆ ಎಷ್ಟು ದಪ್ಪವಿತ್ತೆಂದು ಎರಡು ಕೈ ಚಾಚಿ ತೋರಿಸಿದಳು. ಆಮೇಲೆ ತನ್ನದಕ್ಕೆ ಕೈಗಳನ್ನು ಇನ್ನಷ್ಟು ಅಗಲಿಸಿದಳು.

"ಅದನ್ನೂ ಬರೆದುಕೋ" ಎಂದಳು.